ಯಂತ್ರ ತೆರೆಯುವ ಮೊದಲು ಕೈ ನೋಡಿ

ಈಗ ಕಂಪ್ಯೂಟರ್ ರಿಪೇರಿಗೆ ಇಳಿಯುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಕಾಕಾ, ಇಂಟರ್ನೆಟ್ ಇಲ್ಲದ ಕಾಲಕ್ಕ ನೀವು ಇದನ್ನೆಲ್ಲಾ ಹೆಂಗ ಕಲತ್ರಿ?" ಕೆಡಿಸಿ ಕಲಿತೆವು ಎನ್ನುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ. ಬೈಲಹೊಂಗಲದ ಬಜಾರಿನ ಒಂದು ಸಣ್ಣ ಅಂಗಡಿಗೆ ಟೈಪ್‌ರೈಟರ್ ಮೆಕ್ಯಾನಿಕ್ ಆಗಿ ಸೇರಿ, ಅದೇ ಅಂಗಡಿಯಿಂದ ಕಂಪ್ಯೂಟರ್ ಮೆಕ್ಯಾನಿಕ್ ಆಗಿ ಹೊರಗೆ ಬಂದವನು ನಾನು. ಬಡ್ತಿಯ ಬಗ್ಗೆ ಹೇಳಲು ಏನೂ ಇಲ್ಲ. ಅಂಗಡಿಯಲ್ಲಿ ಇದ್ದದ್ದೇ ಎರಡು ಹುದ್ದೆ, ಒಂದು ಮಾಲಕರದು, ಇನ್ನೊಂದು ನನ್ನದು. ಹೇಳಬೇಕಾದದ್ದು ಕೆಲಸದ ಬಗ್ಗೆ.

ಮಾಲಕರ ಹೆಸರು ಅಣ್ಣಾರಾಯರು. ಬಿಳಿ ಧೋತರ, ಕರಿ ಟೊಪ್ಪಿಗೆ, ಮೂಗಿನ ತುದಿಯಲ್ಲಿ ಕನ್ನಡಕ. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಕನ್ನಡಕದ ಪಕ್ಕದಲ್ಲಿ. ಅವರದೊಂದು ಪದ್ಧತಿ. ಯಾರಾದರೂ ಕೆಟ್ಟ ಟೈಪ್‌ರೈಟರ್ ತಂದರೆ ಮೊದಲು ಅದರ ಮುಚ್ಚಳ ತೆಗೆಯುತ್ತಿರಲಿಲ್ಲ. ತಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, ರೋಲರಿಗೆ ಒಂದು ಹಾಳೆ ಸಿಕ್ಕಿಸಿ, "ನಾಕ ಸಾಲ ಹೊಡೀರಿ ನೋಡೂಣು" ಎನ್ನುತ್ತಿದ್ದರು. ತಾವು ಹಿಂದೆ ಕೈ ಕಟ್ಟಿ ನಿಲ್ಲುತ್ತಿದ್ದರು. ಆ ಮೇಲೆಯೇ ಸ್ಕ್ರೂಡ್ರೈವರ್ ಕೈಗೆ ಬರುತ್ತಿತ್ತು. ಹೊಸದಾಗಿ ಸೇರಿದ ನನಗೆ ಇದು ಹೊತ್ತು ಕಳೆಯುವ ಉಪಾಯದಂತೆ ಕಾಣುತ್ತಿತ್ತು. "ಮೊದಲ ಕೈ ನೋಡು ಈರ್ಯಾ, ಆಮ್ಯಾಲ ಮಷೀನ್ ನೋಡು" ಎಂದು ಅವರು ಹೇಳಿದಾಗಲೆಲ್ಲ ಹೂಂ ಅನ್ನುತ್ತಿದ್ದೆ, ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಹಚ್ಚಿಕೊಳ್ಳುವ ಹಾಗೆ ಮಾಡಿದ್ದು ಕಿತ್ತೂರು. ಅಲ್ಲಿಯ ಒಂದು ಶಾಲೆಯ ಗುಮಾಸ್ತರು, ವಯಸ್ಸಾದವರು, ತಮ್ಮ ಕನ್ನಡ ಟೈಪ್‌ರೈಟರ್ ಸ್ವಚ್ಛ ಮಾಡಿಕೊಡಲು ಹೇಳಿ ಕಳಿಸಿದ್ದರು. ನಾನೊಬ್ಬನೇ ಹೋದೆ. ಅವರು ಊಟಕ್ಕೆ ಹೋಗಿದ್ದರು. ತೆರೆದು ನೋಡಿದರೆ ಯಂತ್ರದ ಅವಸ್ಥೆ ಬಿಡಿ: ಶಬ್ದಗಳ ನಡುವೆ ಅಂತರ ಬಿಡುವ ಪಟ್ಟಿ ಬಲಕ್ಕೆ ವಾಲಿತ್ತು, ಕೆಲವು ಕೀಲಿಗಳ ಸ್ಪ್ರಿಂಗ್ ಬಿಗಿ, ಕೆಲವು ಸಡಿಲು. ಹುರುಪಿನಿಂದ ಕುಳಿತು ಎಲ್ಲವನ್ನೂ ಹೊಸ ಯಂತ್ರದ ಹಾಗೆ ಸಮ ಮಾಡಿಬಿಟ್ಟೆ. ಗುಮಾಸ್ತರು ಬಂದು ಕುಳಿತು ಒಂದು ಸಾಲು ಹೊಡೆದರು. ಶಬ್ದಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಇನ್ನೊಂದು ಸಾಲು ಹೊಡೆದರು, ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಅವರು ಕೀಲಿಗಳನ್ನೂ ನನ್ನನ್ನೂ ನೋಡಿ, "ತಮ್ಮಾ, ನನ್ನ ಮಷೀನ್ ಎಲ್ಲೈತೆಪಾ? ಇದು ಬ್ಯಾರೇ ಯಾರದೋ ಐತಿ" ಎಂದರು. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು. ಅವರು ಹೆದರಿ ಅಂದರು.

ಮರುದಿನ ಅಣ್ಣಾರಾಯರೇ ಬಸ್ಸು ಹತ್ತಿ ನನ್ನನ್ನೂ ಕರೆದುಕೊಂಡು ಹೋದರು. ಗುಮಾಸ್ತರನ್ನು ಕೂರಿಸಿ ಅವರ ಬೆರಳನ್ನೇ ನೋಡುತ್ತ, ಆ ಬೆರಳಿಗೆ ರೂಢಿಯಾದ ಹಾಗೆ ಪಟ್ಟಿಯನ್ನು ಮತ್ತೆ ಸ್ವಲ್ಪ ವಾಲಿಸಿದರು, ಸ್ಪ್ರಿಂಗ್‌ಗಳನ್ನು ಒಂದೊಂದಾಗಿ ಕೆಲವು ಬಿಗಿ ಮಾಡಿದರು, ಕೆಲವು ಸಡಿಲಿಸಿದರು. ನಾನು ಸಮ ಮಾಡಿದ್ದನ್ನೆಲ್ಲ ಶ್ರದ್ಧೆಯಿಂದ ಕೆಡಿಸಿದರು ಎನ್ನಬೇಕು. ಬರುವಾಗ ಬಸ್ಸಿನಲ್ಲಿ ಎಲ್ಲರ ಎದುರಿಗೆ ಅಂದರು: "ಮಷೀನ್ ಸರಿ ಮಾಡಾಕ ಹೋಗಿ ಮನಷ್ಯಾನ್ನ ಕೆಡಿಸಿ ಬಂದಿ ನೀ." ಮುಂದಿನ ಸೀಟಿನವರು ತಿರುಗಿ ನನ್ನ ಮುಖ ನೋಡಿದರು. ಬೈಲಹೊಂಗಲ ಬರುವ ತನಕ ನಾನು ಕಿಟಕಿಯ ಹೊರಗೇ ನೋಡುತ್ತ ಕುಳಿತೆ.

ತೊಂಬತ್ತರ ದಶಕದ ನಡುವೆ ನಮ್ಮ ಕಡೆ ಕಂಪ್ಯೂಟರ್ ಬರತೊಡಗಿದವು. ದೊಡ್ಡ ವ್ಯಾಪಾರಸ್ಥರ ಗಾದಿಯ ಪಕ್ಕ, ಕಾಲೇಜಿನ ಒಂದು ಮೂಲೆಯಲ್ಲಿ, ಹೀಗೆ. ಅದನ್ನು ಇಟ್ಟ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು. ಒಂದು ಕಡೆಯಂತೂ ಕಾಲು ತೊಳೆದುಕೊಂಡು ಬರಲು ಹೇಳಿದ್ದರು. ಅಣ್ಣಾರಾಯರು ಮೊದಲ ಸಲ ಒಂದು ಕಂಪ್ಯೂಟರಿನ ಡಬ್ಬಿ ತೆರೆಸಿ, ಬಹಳ ಹೊತ್ತು ಒಳಗೆ ಇಣುಕಿ, ಕನ್ನಡಕ ಒರೆಸಿಕೊಂಡು, "ಇದರಾಗ ಏನೂ ಅಲ್ಲಾಡೂದಿಲ್ಲಲ್ಲೋ ಈರ್ಯಾ. ಅಲ್ಲಾಡದ್ದನ್ನ ನಾ ಹೆಂಗ ರಿಪೇರಿ ಮಾಡ್ಲಿ?" ಎಂದರು. ಆ ಮಾತಿನಲ್ಲಿ ಇದ್ದದ್ದು ಹಾಸ್ಯವಲ್ಲ. ತಮ್ಮ ಕಾಲ ಮುಗಿಯಿತು ಎಂದು ಅವರಿಗೆ ಗೊತ್ತಾದದ್ದು ಅವತ್ತೇ. ನನಗೂ ಗೊತ್ತಾಯಿತು, ಕೆಟ್ಟದೆನಿಸಿತು. ಮುಂದಿನ ವಾರ ಅವರೇ ನನ್ನನ್ನು ಬೆಳಗಾವಿಗೆ ಕಲಿಯಲು ಕಳಿಸಿದರು.

ಕಲಿತು ಬಂದ ಮೇಲೆ ಮೊದಲ ದೊಡ್ಡ ಕೇಸು ಒಂದು ಅರಳೆ ಗಿರಣಿಯದು. ಗಿರಣಿಯ ಕಂಪ್ಯೂಟರ್ ಮುಂಜಾನೆ ಸರಿಯಾಗಿರುತ್ತಿತ್ತು, ಮಧ್ಯಾಹ್ನ ತಾನೇ ಆರಿಹೋಗುತ್ತಿತ್ತು. ನಾನು ಕಲಿತ ಪಾಠದ ಪ್ರಕಾರ ವೈರಸ್ ಹುಡುಕಿದೆ, ವಿದ್ಯುತ್ತಿನ ಏರಿಳಿತ ನೋಡಿದೆ, ಪುಸ್ತಕ ತಿರುವಿದೆ. ಕೊನೆಗೆ ಡಬ್ಬಿ ತೆರೆದರೆ ಒಳಗಿನ ಫ್ಯಾನೇ ಕಾಣುವುದಿಲ್ಲ. ಹಿಂಜಿದ ಅರಳೆಯ ಎಳೆಗಳೆಲ್ಲ ಗಾಳಿಯಲ್ಲಿ ಹಾರಿ ಬಂದು ಅಲ್ಲಿ ಸಣ್ಣ ತಲೆದಿಂಬಿನ ಹಾಗೆ ಕುಳಿತಿದ್ದವು. ಎಳೆದು ತೆಗೆದು ಮೇಜಿನ ಮೇಲಿಟ್ಟೆ. ಗಿರಣಿ ಮಾಲಕರ ತಾಯಿ ಅದನ್ನು ಕೈಗೆತ್ತಿಕೊಂಡು ಬೆರಳಲ್ಲಿ ಹೊಸೆದು ನೋಡಿ, "ಛಲೋ ಅರಳಿ ಐತಿ, ಯಾಕ ಚೆಲ್ಲತಿ" ಎಂದು ದೇವರ ಬತ್ತಿಗೆ ಒಯ್ದರು. ಅಲ್ಲಿಂದ ಮುಂದೆ ಕಂಪ್ಯೂಟರಿನ ರೋಗ ಕಂಪ್ಯೂಟರಿನಲ್ಲೇ ಇರುತ್ತದೆ ಎಂಬ ಭ್ರಮೆ ನನಗೆ ಕಡಿಮೆಯಾಯಿತು. ರೋಗ ಅದು ಕುಳಿತ ಜಾಗದಲ್ಲಿ ಇರಬಹುದು, ಅದರ ಮುಂದೆ ಕುಳಿತವರಲ್ಲಿ ಇರಬಹುದು. ಹುಣ್ಣಿಮೆಯ ದಿನ ಸವದತ್ತಿ ಬಸ್ಸಿನಲ್ಲಿ ಕಂಪ್ಯೂಟರ್ ಒಯ್ಯಬಾರದು ಎಂಬುದನ್ನೂ ಹೀಗೆಯೇ ಕಲಿತೆ. ಎಲ್ಲಮ್ಮನ ಗುಡ್ಡದಿಂದ ಇಳಿದು ಬಂದ ಭಕ್ತರ ನಡುವೆ ತೊಡೆಯ ಮೇಲೆ ಯಂತ್ರ ಇಟ್ಟುಕೊಂಡು ಕುಳಿತರೆ, ಮನೆ ಮುಟ್ಟುವಷ್ಟರಲ್ಲಿ ಕೀಲಿಗಳ ಸಂದಿಯಲ್ಲೆಲ್ಲ ಭಂಡಾರದ ಅರಿಶಿನ.

ಅಣ್ಣಾರಾಯರು ತೀರಿಕೊಂಡ ಮೇಲೆ ಅವರ ಮಗ ಪ್ರಕಾಶ ಅಂಗಡಿ ನೋಡಿಕೊಂಡ. ಒಳ್ಳೆಯ ಹುಡುಗ, ಆದರೆ ಗಡಿಬಿಡಿ. ಅವನ ಹತ್ತಿರ ಎಲ್ಲ ರೋಗಕ್ಕೂ ಒಂದೇ ಔಷಧ: "ಫಾರ್ಮ್ಯಾಟ್ ಹೊಡೀರಿ ಈರಣ್ಣಾ." ಅಂದರೆ ಇದ್ದದ್ದನ್ನೆಲ್ಲ ಅಳಿಸಿ, ಎಲ್ಲಿಂದಲೋ ನಕಲು ಮಾಡಿದ ಸಿ.ಡಿ.ಯಿಂದ ಮತ್ತೆ ಹಾಕುವುದು. ಆಗ ಎಲ್ಲ ಅಂಗಡಿಗಳಲ್ಲೂ ಅದೇ ನಡೆಯುತ್ತಿತ್ತು. ಗಿರಾಕಿಗೆ ಕೆಲಸ ಬೇಗ ಆಗುತ್ತಿತ್ತು, ನಮಗೂ ತಲೆನೋವಿಲ್ಲ. ಆದರೆ ಯಾರನ್ನೂ ಕೂರಿಸಿ ನಾಲ್ಕು ಸಾಲು ಹೊಡೆಸುವ ಪದ್ಧತಿ ನಮ್ಮ ಅಂಗಡಿಯಲ್ಲಿ ತಾನಾಗಿ ನಿಂತುಹೋಯಿತು. ನಾನೂ ಅದನ್ನು ಮರೆತೆ.

ಲಿನಕ್ಸ್ ಎಂಬುದನ್ನು ನಾನು ನೋಡಿದ್ದು ರಾಮದುರ್ಗದಲ್ಲಿ. ಎರಡು ಸಾವಿರದ ಈಚೆಗೆ, ಅಲ್ಲಿಯ ಕಾಲೇಜೊಂದರಲ್ಲಿ ಜೋಶಿ ಸರ್ ಎಂಬ ಉಪನ್ಯಾಸಕರಿದ್ದರು. ಅಜ್ಜ ಪಂಚಾಂಗ ನೋಡುತ್ತಿದ್ದವರು, ಇವರು ಗಣಿತ ಕಲಿಸುತ್ತಿದ್ದವರು. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯೊಂದನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕುವುದಕ್ಕೆ ಜೊತೆಗೆ ಇರಲೆಂದು ನನ್ನನ್ನು ಕರೆಸಿದ್ದರು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಇದು, ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಒಳಗೆ ಏನಿದೆ ಎಂದು ತೆರೆದು ನೋಡಿ ತಿದ್ದಲೂಬಹುದು ಎಂದರು. ನನಗೆ ಸಂಶಯ.

"ಇದು ಕೆಟ್ರ ಯಾರನ್ನ ಕೇಳಬೇಕ್ರಿ ಸರ್?" ಎಂದೆ.

"ಎಲ್ಲಾರನ್ನೂ ಕೇಳಬಹುದು ಈರಣ್ಣಾವ್ರ. ಯಾರೂ ಬೈಯಂಗಿಲ್ಲ. ಆದ್ರ ಉತ್ತರಾ ಯಾವಾಗ ಬರ್ತದ ಅಂತ ಹೇಳಲಿಕ್ಕೆ ಬರೂದಿಲ್ಲ" ಎಂದು ನಕ್ಕರು.

ಸಿ.ಡಿ. ತಿರುಗತೊಡಗಿತು. ಡಿಸ್ಕನ್ನು ಭಾಗ ಮಾಡುವ ಹಂತದಲ್ಲಿ, ಇಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ಜೋಶಿ ಸರ್ ಒಂದು ಕ್ಷಣ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒತ್ತಿದರು. ಎಲ್ಲ ಮುಗಿದ ಮೇಲೆ ಪರದೆ ಬಂತು, ಧ್ವನಿ ಬರಲಿಲ್ಲ. ಮತ್ತೊಮ್ಮೆ ಹಾಕಿದಾಗ ಧ್ವನಿ ಬಂತು, ಫೋನಿನ ಮೋಡೆಮ್ ಹೋಯಿತು. ನನಗೆ ಬೇಸರ ಬಂದು ಚೀಲ ಕಟ್ಟುತ್ತಿದ್ದೆ. ಆಗ ಅವರು ಒಂದು ಕಡತ ತೆರೆದು ತೋರಿಸಿದರು. ಸಾದಾ ಬರಹದ ಕಡತ, ಯಾರು ಬೇಕಾದರೂ ಓದಬಹುದು. ಅದರಲ್ಲಿ ಸ್ವಾಗತದ ಇಂಗ್ಲಿಷ್ ಪದ ಇದ್ದ ಕಡೆ "ಬರ್ರಿ, ಕುಂದರ್ರಿ" ಎಂದು ಬರೆದು ಉಳಿಸಿದರು. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಮೊದಲ ಪರದೆಯ ಮೇಲೆ ಅದೇ ಬಂತು. ಬರ್ರಿ, ಕುಂದರ್ರಿ. ಟೈಪ್‌ರೈಟರ್ ಬಿಟ್ಟ ಮೇಲೆ ಮೊದಲ ಸಲ ಒಂದು ಯಂತ್ರದ ಮುಚ್ಚಳ ನಿಜವಾಗಿ ತೆರೆದ ಹಾಗೆ ನನಗೆ ಅನಿಸಿತು. ಅಣ್ಣಾರಾಯರು ಇದ್ದಿದ್ದರೆ, ಇದರಲ್ಲಿ ಅಲ್ಲಾಡುವುದು ಇದೆ ಎಂದು ತೋರಿಸುತ್ತಿದ್ದೆ. ಬರುವಾಗ ಸಿ.ಡಿ.ಯ ಒಂದು ಪ್ರತಿ ಕೇಳಿ ತೆಗೆದುಕೊಂಡು ಬಂದೆ.

ಇನ್ನು ಶಾಂತಕ್ಕನ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆದದ್ದೇ ಅದಕ್ಕಾಗಿ.

ಸವದತ್ತಿಯಲ್ಲಿ ಕಚೇರಿಗಳ ಎದುರಿನ ಸಾಲಿನ ಒಂದು ಸಣ್ಣ ಖೋಲಿಯಲ್ಲಿ ಶಾಂತಕ್ಕ ಟೈಪ್ ಮಾಡುತ್ತಿದ್ದರು. ಅರ್ಜಿ, ಕರಾರು ಪತ್ರ, ವಕೀಲರ ಕಾಗದ, ಏನಿದ್ದರೂ ಕನ್ನಡದಲ್ಲಿ. ಅವರ ಯಂತ್ರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಹಾಕಿ ಕೊಡುತ್ತಿದ್ದವನು ನಾನೇ. ಅವರು ಕೀಲಿ ನೋಡಿ ಹೊಡೆದದ್ದನ್ನು ಯಾರೂ ಕಂಡಿಲ್ಲ. ಅರ್ಜಿ ಹೇಳುವವರ ಮುಖ ನೋಡುತ್ತಲೇ ಹೊಡೆಯುತ್ತಿದ್ದರು. ಅಳುತ್ತ ಹೇಳುವವರಿಗೆ "ನೀರ ಕುಡೀರಿ" ಎನ್ನುವಾಗಲೂ ಕೈ ನಿಲ್ಲುತ್ತಿರಲಿಲ್ಲ. ಸಾಲು ಮುಗಿದು ಗಂಟೆ ಟಿಣ್ ಎಂದರೆ ಎಡಗೈ ಮೇಲೆದ್ದು ಕ್ಯಾರೇಜನ್ನು ಒಂದೇ ಏಟಿಗೆ ತಳ್ಳುವುದು, ಮತ್ತೆ ಶುರು.

ಅವರಿಗೆ ಹೆಚ್ಚು ಕೆಲಸ ಕೊಡುತ್ತಿದ್ದವರು ದೇಸಾಯಿ ವಕೀಲರು. ಒಂದು ಹೆಸರು ತಪ್ಪಾದರೆ ಇಡೀ ಹಾಳೆ ಮತ್ತೆ ಹೊಡೆಯಬೇಕಾಗುವುದು ಅವರಿಗೆ ಸಾಕಾಗಿತ್ತು. ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಶಾಂತಕ್ಕನಿಗೆ ಕೊಟ್ಟು ಹೇಳಿದ್ದರು: "ಇದರ ಮ್ಯಾಲ ಕಲೀರಿ. ದೀಪಾವಳಿ ಆದಮ್ಯಾಲ ನಾ ಕಂಪ್ಯೂಟರಿನ ಕಾಗದಾನ ತಗೊಳ್ಳಾವ. ನೀವು ಮಾಡಿದ್ರ ನಿಮ್ಮ ಕಡೆ, ಇಲ್ಲಂದ್ರ ಬಸ್ ಸ್ಟ್ಯಾಂಡಿನ ಡಿಟಿಪಿ ಅಂಗಡಿ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಮಾತು ಮಾತೇ.

ಆ ಲ್ಯಾಪ್‌ಟಾಪ್ ವೈರಸ್ ಹತ್ತಿ ಹತ್ತಿ ಸೋತು ಹೋಗಿತ್ತು. ಬ್ಯಾಟರಿ ಸತ್ತಿತ್ತು, ವಾಯರ್ ಹಚ್ಚಿದ್ದರೆ ಮಾತ್ರ ನಡೆಯುತ್ತಿತ್ತು. ಶಾಂತಕ್ಕ ನನಗೆ ಫೋನ್ ಮಾಡಿಸಿದರು. ಹೋಗಿ ನೋಡಿ, ಇದಕ್ಕೆ ಲಿನಕ್ಸೇ ಸರಿ ಎಂದೆ. ಅವರು ಯಂತ್ರದ ವಿಷಯ ಬಿಟ್ಟು ಬೇರೆಯದನ್ನೇ ಹೇಳಿದರು.

"ವಕೀಲರು ಹೋದ್ರ ಉಳದಾವ್ರೂ ಅವರ ಹಿಂದ ಹೋಗ್ತಾರ್ರಿ ಅಣ್ಣಾರ. ಆಮ್ಯಾಲ ಈ ಖೋಲಿಗೆ ಕೀಲಿ ಹಾಕೂದ. ಮದಿವ್ಯಾಗಿ ಬಂದಾಗಿಂದ ಇಲ್ಲೇ ಕುಂತೇನಿ. ಊರಾಗ ನನಗ ಶಾಂತಾ ಅನ್ನೂದಿಲ್ಲ, ಟೈಪ್ ಶಾಂತಕ್ಕ ಅಂತಾರ. ಟೈಪ್ ಹೋದ್ರ ನಾ ಯಾರ್ರಿ?"

ನಾನು ಸಮಾಧಾನ ಹೇಳಿದೆ. ಹೊಸ ವ್ಯವಸ್ಥೆ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೆ. ಕಂಪ್ಯೂಟರಿನ ಕನ್ನಡ ಕೀಲಿಗಳ ಜೋಡಣೆ ಬೇರೆ ಇರುತ್ತದೆ, ಕಲಿಯಲು ಒಂದು ಹಾಳೆಯ ಮೇಲೆ ಚಿತ್ರ ಬರೆದು ಕೊಟ್ಟು ಬಂದೆ. ದಸರೆಯ ಖಂಡೇ ಪೂಜೆ, ಅಂದರೆ ಆಯುಧಪೂಜೆಯ ದಿನ ಕಚೇರಿ ಸೂಟಿ, ಅವತ್ತು ಬಿಡುವಾಗಿ ಬರುತ್ತೇನೆ ಎಂದೆ. ಅವರಿಗೂ ಖುಷಿಯಾಯಿತು, ಹೊಸ ಸಾಮಾನಿಗೆ ಅವತ್ತೇ ಪೂಜೆ ಆಗುತ್ತದೆ ಎಂದು.

ಆ ದಿನ ಮುಂಜಾನೆ ಹೋದಾಗ ಖೋಲಿ ಸಾರಿಸಿ ರಂಗೋಲಿ ಹಾಕಿತ್ತು. ಒಂದು ಮಣೆಯ ಮೇಲೆ ಟೈಪ್‌ರೈಟರ್, ಕತ್ತರಿ, ರಂಧ್ರ ಹೊಡೆಯುವ ಪಂಚ್. ನಾನು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಸಿ.ಡಿ. ಹಾಕಿದೆ. ಡಿಸ್ಕ್ ಅಳಿಸಿ ಭಾಗ ಮಾಡಿ ಕಡತಗಳು ಇಳಿಯತೊಡಗಿದವು. ಇನ್ನು ತಾನಾಗಿ ನಡೆಯುತ್ತದೆ, ಯಾರೂ ಏನೂ ಮಾಡಬೇಕಾಗಿಲ್ಲ ಎಂದೆ. ಶಾಂತಕ್ಕ, "ನಿಮ್ಮ ಸಾಮಾನೂ ಪೂಜಿಗೆ ಇಡ್ರಿ ಅಣ್ಣಾರ" ಎಂದರು. ನನ್ನ ಚೀಲವನ್ನೂ ಮಣೆಯ ಮೇಲಿಟ್ಟು, ಕೈಕಾಲು ತೊಳೆಯಲು ಹಿಂದಿನ ನಲ್ಲಿಗೆ ಹೋದೆ.

ಬಂದು ನೋಡಿದರೆ ಲ್ಯಾಪ್‌ಟಾಪ್ ಮೇಜಿನ ಮೇಲಿಲ್ಲ. ಮಣೆಯ ಮೇಲಿದೆ. ಮುಚ್ಚಳ ಮುಚ್ಚಿದೆ, ಅದರ ಮೇಲೆ ಮೂರು ಬೆರಳ ವಿಭೂತಿ, ಒಂದು ಚೆಂಡುಹೂವು. ವಾಯರ್ ಚೆಂದವಾಗಿ ಸುತ್ತಿ ಪಕ್ಕದಲ್ಲಿಟ್ಟಿದ್ದಾರೆ.

"ಏನ್ ಮಾಡಿದ್ರಿ ಅಕ್ಕಾರ!"

"ಯಾಕ್ರೀ? ಪೂಜಿ ಹೊತ್ತಿನ್ಯಾಗ ಸಾಮಾನು ದುಡೀಬಾರದಲ್ರಿ. ವರ್ಷಾನಗಟ್ಟಲೆ ದುಡೀತಾವ, ಇವತ್ತೊಂದು ದಿನ ಕುಂದರ್ಲಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ನಮ್ಮ ಅಂಗಡಿಯಲ್ಲೂ ಅದೇ ನೇಮ. ಖಂಡೇ ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿಯುವ ತನಕ ಅಣ್ಣಾರಾಯರು ಮುಟ್ಟಗೊಡುತ್ತಿರಲಿಲ್ಲ. ಆದರೆ ಅರ್ಧ ಇಳಿದ ವ್ಯವಸ್ಥೆಯ ಗತಿ ಏನಾಗಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಹಳೆಯದು ಅಳಿಸಿಹೋಗಿದೆ, ಹೊಸದು ಪೂರ್ತಿ ಬಂದಿಲ್ಲ. ವಿಷಯ ತಿಳಿಸಿದೆ. ಶಾಂತಕ್ಕ ಮಣೆಯ ಮುಂದೆ ಕುಳಿತುಬಿಟ್ಟರು. "ಕೆಡಿಸಿದ್ನೇನ್ರಿ ಅಣ್ಣಾರ?" ಎಂದರು. ಇಲ್ಲ, ನಾಳೆ ಮತ್ತೆ ಮೊದಲಿನಿಂದ ಹಾಕಿದರಾಯಿತು, ಇದು ಹೋಗುವ ಸಾಮಾನಲ್ಲ ಎಂದೆ. ನನ್ನ ಚೀಲವೂ ಮಣೆಯ ಮೇಲೆಯೇ ಇತ್ತು, ಅವತ್ತು ರಾತ್ರಿ ಅವರ ಮನೆಯಲ್ಲೇ ಉಳಿಯಬೇಕಾಯಿತು.

ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇತ್ತು. ಅವರ ಗಂಡ ಉಂಡು ಉಗರಗೋಳದ ಹೊಲದ ಕಡೆ ಹೋದರು. ನನಗೆ ಮಾಡಲು ಏನೂ ಇಲ್ಲ. ಕೆಲಸಕ್ಕೆ ಸೇರಿದಂದಿನಿಂದ ಸ್ಕ್ರೂಡ್ರೈವರ್ ಇಲ್ಲದೆ ಒಬ್ಬ ಗಿರಾಕಿಯ ಎದುರು ಹಾಗೆ ಸುಮ್ಮನೆ ಕುಳಿತದ್ದು ಅದೇ ಮೊದಲು. ಶಾಂತಕ್ಕ ಕಟ್ಟೆಯ ಮೇಲೆ ನಾನು ಕೊಟ್ಟ ಚಿತ್ರದ ಹಾಳೆ ಹಿಡಿದು ಕುಳಿತಿದ್ದರು. ಮಡಿಚಿ ಮಡಿಚಿ ಅದರ ಅಂಚು ಹರಿದಿತ್ತು.

"ಬರವಲ್ತುರಿ" ಎಂದರು. "ದಿನಾ ಇದರ ಮ್ಯಾಲ ಬೆರಳ ಇಡತೇನಿ. ಹೊಸಾದು ಒಂದ ಅಕ್ಷರ ಕಲತ್ರ ಹಳೇದು ಎರಡ ಮರೀತಾವ. ಮೊನ್ನೆ ಟೈಪ್‌ರೈಟರಿನ್ಯಾಗೂ ತಪ್ಪ ಹೊಡದೆ. ಯಾರಿಗೂ ಹೇಳಿಲ್ಲ."

ಏನೋ ಕೇಳಬೇಕಲ್ಲ ಎಂದು ಕೇಳಿದೆ, "ಹಳೇ ಮಷೀನಿನ್ಯಾಗ ನಕಾರ ಎಲ್ಲೈತ್ರಿ?"

ಅವರು ಬಾಯಿ ತೆರೆದರು, ಹೇಳಲು ಬರಲಿಲ್ಲ. ಎಡಕ್ಕೋ ಬಲಕ್ಕೋ ಎಂದು ತಡಕಾಡಿದರು. ಆಮೇಲೆ ಎರಡೂ ಕೈಯನ್ನು ಮೊಳಕಾಲ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಒಂದು ಬೆರಳು ತಾನಾಗಿ ಇಳಿಯಿತು. ಕಣ್ಣು ತೆರೆದು ಆ ಬೆರಳನ್ನು ತಾವೇ ನೋಡಿ, "ಇಲ್ಲೈತಿ ನೋಡ್ರಿ" ಎಂದರು. ಸೀರೆಯ ಮೇಲೆ, ಏನೂ ಇಲ್ಲದ ಜಾಗದಲ್ಲಿ.

ಕಿತ್ತೂರಿನ ಗುಮಾಸ್ತರು ಕಣ್ಣ ಮುಂದೆ ಬಂದರು. ನನ್ನ ಮಷೀನ್ ಎಲ್ಲೈತೆಪಾ ಎಂದವರು. ಅಕ್ಷರಗಳು ಶಾಂತಕ್ಕನ ತಲೆಯಲ್ಲಿ ಇರಲಿಲ್ಲ, ಬೆರಳಲ್ಲಿ ಇದ್ದವು. ಅವನ್ನು ಅಲ್ಲಿಂದ ಅಳಿಸಿ ಹೊಸದು ಹಾಕಲು ನಾನು ಹಾಳೆ ಕೊಟ್ಟಿದ್ದೆ. ಅದೂ ಒಂದು ಫಾರ್ಮ್ಯಾಟೇ. ಇಷ್ಟು ಸಲ ಬಂದು ಹೋದರೂ ಹೊಸ ಯಂತ್ರಕ್ಕಾಗಿ ಅವರನ್ನು ಕೂರಿಸಿ ನಾಲ್ಕು ಸಾಲು ಹೊಡೆಸಿ ನೋಡಿರಲಿಲ್ಲ. ಆ ಮಧ್ಯಾಹ್ನ ಬಹಳ ಹೊತ್ತು ಅವರು ಮೊಳಕಾಲ ಮೇಲೆ ಟೈಪ್ ಮಾಡಿದರು, ನಾನು ನೋಡಿದೆ. ಬೇರೆ ಕೆಲಸ ಇದ್ದಿದ್ದರೆ ನೋಡುತ್ತಿರಲಿಲ್ಲ.

ಮರುದಿನ ಬನ್ನಿ ಕೊಟ್ಟು, ಮಣೆಯ ಮೇಲಿನ ಸಾಮಾನು ಎತ್ತಿ, ವಿಭೂತಿ ಒರೆಸದೆ ಹಾಗೇ ಲ್ಯಾಪ್‌ಟಾಪ್ ತೆರೆದು ಮೊದಲಿನಿಂದ ಲಿನಕ್ಸ್ ಹಾಕಿದೆ. ಈ ಸಲ ಶಾಂತಕ್ಕ ವಾಯರಿನ ಪಕ್ಕ ಕಾವಲು ಕುಳಿತಿದ್ದರು, ಅತ್ತಿತ್ತ ಯಾರನ್ನೂ ಬಿಡಲಿಲ್ಲ. ಅದು ಮುಗಿದ ಮೇಲೆ ಅವರನ್ನು ಟೈಪ್‌ರೈಟರಿನ ಮುಂದೆ ಕೂರಿಸಿ ಒಂದೊಂದೇ ಕೀಲಿ ಒತ್ತಲು ಹೇಳಿ, ಏನು ಬರುತ್ತದೆ ಎಂದು ಬರೆದುಕೊಂಡೆ. ಅಲ್ಲಿಂದ ನೇರ ರಾಮದುರ್ಗದ ಬಸ್ಸು ಹಿಡಿದೆ.

ಜೋಶಿ ಸರ್ ಬಾಗಿಲು ತೆರೆಯುತ್ತಲೇ ಕೇಳಿದೆ. "ಸರ್, ಸ್ವಾಗತದ ಮಾತು ಬದಲ ಮಾಡಿದ್ರೆಲ್ಲಾ, ಹಂಗ ಯಾವ ಕೀಲಿಗೆ ಯಾವ ಅಕ್ಷರ ಅಂಬೂದನ್ನೂ ಬದಲ ಮಾಡಾಕ ಬರತೈತೇನು?"

"ಬರಬೇಕಲ್ಲಾ. ಅದನ್ನೂ ಎಲ್ಲೋ ಬರದಿಟ್ಟಿರ್ತಾರ. ಹುಡುಕೋಣು ಬರ್ರಿ."

ಹುಡುಕಿದೆವು. ಸಿಕ್ಕಿತು. ಅದೂ ಒಂದು ಸಾದಾ ಕಡತ, ಎಡಕ್ಕೆ ಕೀಲಿ, ಬಲಕ್ಕೆ ಅಕ್ಷರ. ಆದರೆ ಕೆಲಸ ಅಂದುಕೊಂಡಷ್ಟು ಸಲೀಸಾಗಿ ಇರಲಿಲ್ಲ. ಟೈಪ್‌ರೈಟರಿನಲ್ಲಿ ಅಕ್ಷರದ ಮೈ ಮೊದಲು, ತಲೆಕಟ್ಟು ಆಮೇಲೆ, ಒತ್ತು ಅದರ ಕೆಳಗೆ. ಕಂಪ್ಯೂಟರಿಗೆ ಅಕ್ಷರ ಇಡಿಯಾಗಿ ಬೇಕು. ಮೈ ಬಂದು ಆಮೇಲೆ ತಲೆಕಟ್ಟು ಬಂದರೆ ಎರಡೂ ಸೇರಿ ಇಂಥ ಅಕ್ಷರ ಎಂದು ಅದಕ್ಕೆ ತಿಳಿಹೇಳಬೇಕಿತ್ತು. ಅವರಿಗೆ ಕಂಪ್ಯೂಟರಿನ ದಾರಿ ಗೊತ್ತು, ನನಗೆ ಟೈಪ್‌ರೈಟರಿನ ದಾರಿ ಗೊತ್ತು. ಇಬ್ಬರೂ ಜಗಳಾಡುತ್ತ ಬರೆದೆವು. ಒಯ್ದು ಹಾಕಿದರೆ ಶಾಂತಕ್ಕ ಹೊಡೆದ ಮೊದಲ ಹೆಸರಿನ ತಲೆಕಟ್ಟುಗಳೆಲ್ಲ ಹಾರಿ ಪಕ್ಕದಲ್ಲಿ ಬಿದ್ದವು. ಮತ್ತೆ ರಾಮದುರ್ಗ, ಮತ್ತೆ ಸವದತ್ತಿ. ಪ್ರಕಾಶ ಅಂಗಡಿಯಲ್ಲಿ ಗೊಣಗತೊಡಗಿದ. ದೀಪಾವಳಿ ಹತ್ತಿರ ಬಂತು. ಒಂದು ಸಲ ಶಾಂತಕ್ಕನೇ, "ಬಿಡ್ರಿ ಅಣ್ಣಾರ, ನನ್ನ ಸಲುವಾಗಿ ಎಷ್ಟ ಓಡ್ಯಾಡತೀರಿ" ಎಂದರು. ನಾನು ಬಿಡಲಿಲ್ಲ. ಕಿತ್ತೂರಿನ ಬಸ್ಸಿನಲ್ಲಿ ಕೇಳಿಸಿಕೊಂಡದ್ದನ್ನು ಇನ್ನೊಮ್ಮೆ ಕೇಳಿಸಿಕೊಳ್ಳಲು ಸಿದ್ಧನಿರಲಿಲ್ಲ, ಹೇಳಲು ಅಣ್ಣಾರಾಯರು ಇಲ್ಲದಿದ್ದರೂ.

ದೀಪಾವಳಿ ಮುಗಿದು ಕಚೇರಿ ತೆರೆದ ದಿನ ದೇಸಾಯಿ ವಕೀಲರು ಬಂದರು. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತು ಒಂದು ಅರ್ಜಿ ಹೇಳತೊಡಗಿದರು. ಬೇಕೆಂದೇ ಜೋರಾಗಿ ಹೇಳಿದರು ಎಂದು ನನಗೆ ಈಗಲೂ ಅನುಮಾನ. ಶಾಂತಕ್ಕ ಮೊದಲ ಪದಕ್ಕೆ ಕೀಲಿ ನೋಡಿದರು, ಎರಡನೆಯದಕ್ಕೂ ನೋಡಿದರು. ಆಮೇಲೆ ತಲೆಯೆತ್ತಿ ವಕೀಲರ ಮುಖ ನೋಡಿದರು. ಕೈ ಓಡಿತು. ನಾನು ಬಾಗಿಲಲ್ಲಿ ನಿಂತಿದ್ದೆ.

ಅರ್ಜಿ ಮುಗಿದ ಮೇಲೆ ವಕೀಲರು, "ಅರೆ, ಊರು ತಪ್ಪು ಹೇಳಿದೆ. ನೇಸರಗಿ ಅಲ್ಲ, ಸಂಗೊಳ್ಳಿ" ಎಂದರು. ಹಿಂದಿನ ಕಾಲದಲ್ಲಿ ಈ ಮಾತಿಗೆ ಶಾಂತಕ್ಕ ಹಾಳೆ ಹರಿದು ಹೊಸದು ಸಿಕ್ಕಿಸುತ್ತಿದ್ದರು. ಈಗ ಊರಿನ ಹೆಸರೊಂದನ್ನೇ ತಿದ್ದಿದರು. ಪಕ್ಕದ ಖೋಲಿಯ ಪ್ರಿಂಟರಿನಿಂದ ಕಾಗದ ಬಂತು. ವಕೀಲರು ಅದನ್ನು ಬೆಳಕಿಗೆ ಹಿಡಿದು ಓದಿದರು. ಹೊಗಳಲಿಲ್ಲ. ಅವರ ಸ್ವಭಾವ ಅದಲ್ಲ.

"ನಾಳೆ ಇನ್ನ ಎರಡ ಕಾಗದ ಅದಾವ. ಲಗೂನ ಬರತೇನಿ" ಎಂದು ಎದ್ದವರು ಬಾಗಿಲಲ್ಲಿ ತಿರುಗಿ, "ಅದಿರ್ಲಿ ಶಾಂತಕ್ಕಾ, ನಡುನಡುವ ಗಾಳ್ಯಾಗ ಕೈ ಬೀಸತೀರಲ್ಲಾ, ಅದೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗುತ್ತ ಹೋದರು.

ನಾನೂ ನೋಡಿದ್ದೆ. ಪರದೆಯ ಮೇಲೆ ಸಾಲು ತುಂಬಿದಾಗಲೆಲ್ಲ, ಗಂಟೆ ಇಲ್ಲ, ಕ್ಯಾರೇಜ್ ಇಲ್ಲ, ಆದರೂ ಅವರ ಎಡಗೈ ಮೇಲೆದ್ದು ಏನೂ ಇಲ್ಲದ ಕಡೆ ಒಂದು ಏಟು ತಳ್ಳಿ ಮತ್ತೆ ಕೀಲಿಗಳ ಮೇಲೆ ಬಂದು ಕೂರುತ್ತಿತ್ತು. ಶಾಂತಕ್ಕನಿಗೆ ನಾಚಿಕೆಯಾಯಿತು. "ಇದನ್ನೂ ಬಿಡಸ್ರಿ ಅಣ್ಣಾರ. ಮಂದಿ ನಗತಾರ."

"ಅದು ಬರೋಬ್ಬರಿ ಐತ್ರಿ ಅಕ್ಕಾರ, ಇರ್ಲಿ" ಎಂದು ಚೀಲ ಮುಚ್ಚಿದೆ.

ಆಮೇಲೆ ಎಲ್ಲವೂ ಸುಖವಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೇರೆ ಕಡೆಯಿಂದ ಬಂದ ಕಡತಗಳು ಅವರಲ್ಲಿ ತೆರೆಯುತ್ತಿರಲಿಲ್ಲ, ಹೊಸ ಪ್ರಿಂಟರ್ ತಂದಾಗ ಅದು ಲಿನಕ್ಸಿನ ಮಾತು ಕೇಳಲು ತಿಂಗಳುಗಟ್ಟಲೆ ಸತಾಯಿಸಿತು. ಪ್ರತಿ ಸಲ ಹೋದಾಗಲೂ ಮೊದಲು ಅವರನ್ನು ಕೂರಿಸಿ ನಾಲ್ಕು ಸಾಲು ಹೊಡೆಸಿಯೇ ಯಂತ್ರ ಮುಟ್ಟಿದೆ. ಅಂಗಡಿಯಲ್ಲೂ ಸ್ಟೂಲು ಮತ್ತೆ ಬಂತು. ಗಿರಾಕಿಗಳಿಗೆ ಬೇಸರವಾಗುತ್ತದೆ ಎಂದು ಪ್ರಕಾಶ ಹೇಳುತ್ತಿದ್ದ, ಆದರೆ ಚಹಾ ಮಾತ್ರ ತಾನೇ ತರಿಸುತ್ತಿದ್ದ. ಈ ಕೆಲಸಕ್ಕೆ ಬರುವ ನಿಮಗೆ ನಾನು ಕೊಡಬಹುದಾದದ್ದು ಆ ಸ್ಟೂಲು ಮಾತ್ರ. ಯಂತ್ರಗಳು ಬದಲಾಗುತ್ತವೆ, ನಾನು ಕಲಿತದ್ದೆಲ್ಲ ನಿಮಗೆ ಈಗಾಗಲೇ ಹಳತು.

ಕೆಲಸ ಬಿಡುವ ಮುಂಚೆ ಕೊನೆಯ ಸಲ ಸವದತ್ತಿಗೆ ಹೋಗಿದ್ದೆ, ಬೇರೆ ಕಾರಣಕ್ಕೆ. ಬಸ್ಸು ಆ ಸಾಲಿನ ಎದುರು ನಿಧಾನವಾಯಿತು. ಶಾಂತಕ್ಕನ ಖೋಲಿಯ ಬಾಗಿಲು ತೆರೆದಿತ್ತು. ಯಾರೋ ಒಬ್ಬಾಕೆ ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಏನೋ ಹೇಳುತ್ತಿದ್ದಳು. ಶಾಂತಕ್ಕ ಅವಳ ಮುಖವನ್ನೇ ನೋಡುತ್ತಿದ್ದರು. ಇಳಿದು ಮಾತಾಡಿಸಲೇ ಎಂದು ಎದ್ದೆ. ಅಷ್ಟರಲ್ಲಿ ಅವರ ಎಡಗೈ ಮೇಲೆದ್ದು ಗಾಳಿಯನ್ನು ತಳ್ಳಿ ಕೆಳಗೆ ಬಂತು. ನಾನು ಮತ್ತೆ ಕುಳಿತೆ. ಕೈ ನೋಡಿದ್ದಾಗಿತ್ತು, ಯಂತ್ರ ತೆರೆಯುವ ಅಗತ್ಯವಿರಲಿಲ್ಲ.